ಬಾಯಿಗೆ ಬಾರದ ಹೆಸರು

ಮೊನ್ನೆ ಸೊಸೆ ಮೊಮ್ಮಗನಿಗೆಂದು ಬಜೆಬೇರು ತೇಯುತ್ತಿದ್ದಳು. ಆ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿತ್ತಾಪುರದ ನಮ್ಮ ಕಾಕಾರ ಪಡಸಾಲೆಯಲ್ಲಿದ್ದೆ. ಬಜೆ ತೇದು ನೆಕ್ಕಿಸಿದರೆ ಕೂಸಿಗೆ ಬೇಗ ಮಾತು ಬರುತ್ತದೆ ಎನ್ನುವುದನ್ನು ನೀವೂ ಕೇಳಿರುತ್ತೀರಿ. ನನಗೂ ನೆಕ್ಕಿಸಿದ್ದರಂತೆ, ಪ್ರಮಾಣ ಕೊಂಚ ಹೆಚ್ಚೇ ಆಗಿರಬೇಕು, ಮನೆಯವರು ಇಂದಿಗೂ ಗೊಣಗುತ್ತಾರೆ. ಆದರೆ ನೀಲಮ್ಮ ಕಾಕಿ ಅದನ್ನು ತೇದದ್ದು ತನ್ನ ಗಂಡನಿಗಾಗಿ.

ಕಾಕಾ ತಹಸೀಲ ಕಚೇರಿಯ ಗುಮಾಸ್ತರು. ನಿಜಾಮರ ಕಾಲದಲ್ಲಿ ಸೇಡಂನಲ್ಲಿ ಉರ್ದು ಶಾಲೆ ಕಲಿತವರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಗೆ ಕನ್ನಡ ಬಂತು. ಅವರ ಕೈ ಮಾತ್ರ ಬಹಳ ದಿನ ಬಲಗಡೆಯಿಂದಲೇ ಬರೆಯಲು ಹೊರಡುತ್ತಿತ್ತು. ಮನೆಯಲ್ಲಿ ಮಾತ್ರ ಎಂದಿಗೂ ಕನ್ನಡವೇ, ಅದೂ ಗುಡುಗಿನಂಥದ್ದು.

ಒಂದು ಮುಂಜಾನೆ ಲಿಂಗಪೂಜೆಗೆ ಕುಳಿತವರು ಬಲಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ಗುಲ್ಬರ್ಗದ ಡಾಕ್ಟರು ಕೈಕಾಲಿಗೆ ಔಷಧ ಕೊಟ್ಟರು. ಮಾತಿಗೆ ಮಾತ್ರ ಕಾಯಬೇಕು ಎಂದರು. ನಾವು ಹೇಳಿದ್ದೆಲ್ಲ ಕಾಕಾರಿಗೆ ತಿಳಿಯುತ್ತಿತ್ತು. ಉತ್ತರ ಗಂಟಲ ತನಕ ಬಂದು ಹಿಂದಿರುಗುತ್ತಿತ್ತು.

ಎಷ್ಟೋ ತಿಂಗಳ ಮೇಲೆ ಮೊದಲ ಮಾತು ಬಂತು: "ಪಾನಿ." ಕಾಕಿ ನೀರು ತಂದು, ಸಂತೋಷಕ್ಕೆ ಅತ್ತಳು. ಬರಬರುತ್ತ ಇನ್ನಷ್ಟು ಮಾತು ಬಂದವು, ಎಲ್ಲವೂ ಉರ್ದು. ಕಾಕಿಗೆ ಉರ್ದು ಬಾರದು.

"ಇಷ್ಟು ವರ್ಷ ನನ್ನ ಕೂಡ ಆಡಿದ್ದ ಮಾತೆಲ್ಲ ಎಲ್ಲಿ ಹೋದ್ವೋ ತಮ್ಮಾ?" ಎಂದು ನನ್ನನ್ನು ಕೇಳಿದಳು. ಕಾಲೇಜು ಓದುತ್ತಿದ್ದೆನೆಂಬ ಜಂಬ ನನಗಿತ್ತು, "ಬರ್ತಾವ ಬಿಡು ಕಾಕಿ" ಎಂದುಬಿಟ್ಟೆ.

ಪಕ್ಕದ ಮನೆಯ ಮೆಹಬೂಬಬಿ ನಡುವೆ ಕುಳಿತು ಗಂಡನ ಮಾತನ್ನು ಹೆಂಡತಿಗೆ ತಿಳಿಸಿ ಹೇಳತೊಡಗಿದಳು. ಒಂದು ಮಧ್ಯಾಹ್ನ ಕಾಕಾ ತಡವರಿಸುತ್ತ ಏನೋ ಹೇಳಿ ಕಣ್ಣೀರಿಟ್ಟರು. ಮೆಹಬೂಬಬಿ ಸೆರಗು ಬಾಯಿಗಿಟ್ಟುಕೊಂಡಳು.

"ಏನಿಲ್ಲಕ್ಕಾ, ಚಾ ಬೇಕಂತ."

"ಚಾಕ್ಕ ಯಾರ ಅಳ್ತಾರವ್ವಾ? ಖರೇ ಹೇಳು."

"ನಿಮ್ಮ ಹೆಸರು ಮನಸಿನಾಗ ಅದ, ಬಾಯಿಗಿ ಬರವಲ್ದು ಅಂತಾರ."

ಕಾಕಿ ಗಂಡನತ್ತ ತಿರುಗಿದಳು. "ಲಗ್ನ ಆದಾಗಿಂದ 'ಏ, ಕೇಳ್ದೇನು' ಅಂತೇ ಕರ್ಕೋತ ಬಂದ್ರಿ. ಹೆಸರು ಹಿಡದು ಯಾವಾಗ ಕರ್ದಿದ್ರಿ?" ನಗಲು ಹೋದವಳು ಬಿಕ್ಕಿದಳು.

ಅಂದಿನಿಂದ ಸಂಜೆ ಸಂಜೆ ಗಂಡನ ನಾಲಿಗೆಗೆ ಬಜೆ ಹಚ್ಚಿ, ಎದುರು ಕುಳಿತು, ತನ್ನ ಹೆಸರನ್ನು ತಾನೇ ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದಳು. ಕಾಕಾ ಅವಳ ತುಟಿಯನ್ನೇ ನೋಡುತ್ತ, ಬೆವೆತು, ಕೊನೆಗೆ "ನೀ" ಎನ್ನುತ್ತಿದ್ದರು. ಅಷ್ಟೇ. ಮುಂದಿನ ಅಕ್ಷರ ಬಾರದೆ, ಸಿಟ್ಟಿಗೆದ್ದು ತಂಬಿಗೆ ಬೀಸಾಡುತ್ತಿದ್ದರು. ಕಾಕಿ ಅದನ್ನು ಎತ್ತಿಟ್ಟು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಆ ಮಳೆಗಾಲದಲ್ಲೇ ಎರಡನೆಯ ಸಲ ಲಕ್ವ ಹೊಡೆಯಿತು. ಉರ್ದುವೂ ಹೋಯಿತು, ಹಿಂದೆಯೇ ಕಾಕಾ ಹೋದರು.

ಮಣ್ಣು ಕೊಟ್ಟು ಬಂದ ಸಂಜೆ ಮೆಹಬೂಬಬಿ ಕಾಕಿಯ ಕೈ ಹಿಡಿದು, "ಹೆಸರು ಪೂರಾ ಆಗಲೇ ಇಲ್ಲ ನೋಡಕ್ಕಾ" ಎಂದು ಅತ್ತಳು.

"'ನೀ' ಅಂದಿದ್ರಲ್ಲವ್ವಾ," ಎಂದಳು ಕಾಕಿ. "ನನ್ನ ಮಾರಿ ನೋಡೇ ಅಂದಿದ್ರು."

ಮೊನ್ನೆ ಇದನ್ನೆಲ್ಲ ನೆನೆಯುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ನಮ್ಮ ಮನೆಯಲ್ಲಿ ನಾನೂ "ಏ" ಎನ್ನುವವನೇ. ಗಂಟಲು ಸರಿಮಾಡಿಕೊಂಡು ಹೆಂಡತಿಯನ್ನು ಕರೆದೆ: "ಶಾಂತಾ..."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಯಾಕ್ರಿ, ಏನಾತು? ಆರಾಮ ಇದ್ದೀರಿಲ್ಲೋ?"

"ಏನಿಲ್ಲ," ಎಂದೆ. "ಬಾಯಿಗಿ ಬರತದೋ ಇಲ್ಲೋ ನೋಡ್ದೆ."