ಬೂದಿಯಲ್ಲಿ ಬರೆದ ಅಲೆಮೋಡ

ಇಸ್ತ್ರಿ ಗಾಡಿಯವನು ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಇದ್ದಿಲ ಬೂದಿಯನ್ನು ಚರಂಡಿಯ ಪಕ್ಕ ಕೊಡವುತ್ತಿದ್ದ. ಹಾಲಿಗೆ ಹೊರಟಿದ್ದ ನನ್ನ ಮೂಗಿಗೆ ಆ ಒಣ, ಬಿಸಿ ವಾಸನೆ ಬಡಿಯಿತು. ಡ್ರಾಯಿಂಗ್ ಮಿಸ್ಸು ನೆನಪಾದರು. ನಿನ್ನೆ ಸಂಜೆಯ ಸಿಟ್ಟು ಮತ್ತೆ ಉಕ್ಕಿತು. "ಸ್ವಲ್ಪ ಬೂದಿ ಕಟ್ಟಿಕೊಡಪ್ಪ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿಕೊಟ್ಟ.

ಕುಂಬಾರಕೊಪ್ಪಲಿನಲ್ಲಿ ನಮ್ಮ ಮನೆಯ ಎದುರಿಗೆ ಒಂದು ಮಹಡಿ ಮನೆಯಿದೆ. ಅದರ ಕೆಳಗಿನ ಒಂಟಿ ರೂಮಿನಲ್ಲಿ ಮಿಸ್ಸು ಬಾಡಿಗೆಗಿದ್ದರು. ಸ್ಕೂಲಿನಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ರಿಟೈರ್ ಆಗಿದ್ದವರು, ಒಬ್ಬರೇ. ಹಗಲಲ್ಲೂ ಲೈಟು ಹಾಕಬೇಕಾದಂಥ ರೂಮು. ಇದನ್ನು ಹೇಗೆ ಒಪ್ಪಿದಿರಿ ಎಂದು ಒಮ್ಮೆ ಕೇಳಿದ್ದೆ. "ರೂಮು ಹೆಂಗಿದ್ರೇನು ಬಿಡಮ್ಮ, ಮೇಲೆ ಟೆರೇಸ್ ಇದೆಯಲ್ಲ" ಎಂದಿದ್ದರು.

ಟೆರೇಸು ಬೇಕಾಗಿದ್ದದ್ದು ಮೋಡ ನೋಡುವುದಕ್ಕೆ. ಅದರಲ್ಲೂ ಅಲೆಮೋಡ. ಆ ಹೆಸರು ಅವರೇ ಇಟ್ಟುಕೊಂಡದ್ದು. ಮುಂಗಾರಿಗೆ ಮುಂಚೆ, ಗುಡುಗು ಮಳೆಯ ಆಸುಪಾಸಿನಲ್ಲಿ, ವರ್ಷಕ್ಕೆ ಎಲ್ಲೋ ಕೆಲವು ಸಲ ಚಾಮುಂಡಿಬೆಟ್ಟದ ಕಡೆಯಿಂದ ಆಕಾಶವೇ ಮಡಿಕೆ ಮಡಿಕೆಯಾಗಿ ಬರುತ್ತಿತ್ತು. ಕೆರೆಯೊಳಗೆ ಮುಳುಗಿ ಮೇಲಿನ ನೀರು ನೋಡಿದ ಹಾಗೆ ಕಾಣುತ್ತಿತ್ತು. ಮೇಲಿನ ಗಾಳಿಯ ವೇಗವೇ ಬೇರೆ, ಕೆಳಗಿನದೇ ಬೇರೆ, ಒಂದರ ಮೇಲೊಂದು ಜಾರುವಾಗ ನಡುವಿನ ಮೋಡ ಸುಕ್ಕುಗಟ್ಟುತ್ತದೆ ಎಂದು ಮಂಚದ ಮೇಲಿನ ಬೆಡ್‌ಶೀಟನ್ನು ಅಂಗೈಯಿಂದ ತಳ್ಳಿ ತೋರಿಸಿದ್ದರು. ಆ ಬೆಡ್‌ಶೀಟಿನ ಹಳದಿ ಹೂಗಳೂ ನನಗೆ ನೆನಪಿವೆ...

ಫೋಟೋ ಮಾತ್ರ ತೆಗೆಯುತ್ತಿರಲಿಲ್ಲ. "ಫೋಟೋ ತೆಗೆದ್ರೆ ನೋಡೋದನ್ನ ಅಲ್ಲಿಗೇ ನಿಲ್ಲಿಸ್ಬಿಡ್ತೀವಿ ಕಣಮ್ಮ. ಬೆಳಿಗ್ಗೆ ಬರೀಬೇಕು ಅಂತಿದ್ರೆ ಕಣ್ಣು ಕೀಳಕ್ಕೇ ಆಗಲ್ಲ." ಅಲೆಮೋಡ ಬಂದ ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಅದನ್ನೇ ರಂಗೋಲಿ ಬಿಡುತ್ತಿದ್ದರು. ಚುಕ್ಕಿಯಿಲ್ಲ, ಕಮಲವಿಲ್ಲ. ಬಿಳಿಗೆ ರಂಗೋಲಿ ಪುಡಿ, ಬೂದುಬಣ್ಣಕ್ಕೆ ಇಸ್ತ್ರಿ ಗಾಡಿಯಿಂದ ತಂದು ಜರಡಿ ಹಿಡಿದ ಬೂದಿ. ನಾನು ಕಸ ಗುಡಿಸುವುದನ್ನು ಬಿಟ್ಟು ನಿಂತು ನೋಡುತ್ತಿದ್ದೆ.

ಒಂದು ವರ್ಷ ಅಲೆಮೋಡ ಬಂದ ಮರುದಿನವೇ ಅಮಾವಾಸ್ಯೆಯಾಗಿಬಿಟ್ಟಿತು. ಮಹಡಿ ಮೇಲಿದ್ದ ಓನರಮ್ಮನ ಮಗ ಬೈಕು ತೊಳೆದು, ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ. ಅಪ್ಪಚ್ಚಿಯಾದ ಹಣ್ಣು ಸಿಡಿದು ಹೋಗಿ ಮಿಸ್ಸಿನ ಬೂದಿಯ ಅಲೆಗಳ ನಡುವೆ ಬಿತ್ತು. ಅಷ್ಟರಲ್ಲಿ ದೇವಸ್ಥಾನದಿಂದ ಓನರಮ್ಮ ಬಂದರು.

"ಅಮಾಸೆ ದಿನ ಬೂದಿ, ನಿಂಬೆಹಣ್ಣು! ನಮ್ ಮನೆಗೇ ಮಾಟ ಮಡಗವ್ಳೆ ಈವಮ್ಮ!"

ಬೀದಿ ನೆರೆಯಿತು. "ನಿಂಬೆಹಣ್ಣು ನಿಮ್ಮ ಮಗನ ಬೈಕಿಂದು ಕಣ್ರೀ, ಟೈರ್ ನೋಡಿ, ಇನ್ನೂ ರಸ ಅಂಟ್ಕೊಂಡಿದೆ" ಎಂದು ನಾನು ಕೂಗಿಕೊಂಡೆ. ಆ ಮಹರಾಯ ಟೈರು ನೋಡಿದ, ನನ್ನನ್ನು ನೋಡಿದ, ಒಳಗೆ ಹೋದ. ಮಿಸ್ಸು ಮಾತ್ರ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ನಿನ್ನೆ ಸಂಜೆ ಮೋಡ ಹಿಂಗೇ ಇತ್ತಲ್ವಾ? ನೀವೂ ನೋಡಿದ್ರಲ್ವಾ?" ಯಾರೂ ನೋಡಿರಲಿಲ್ಲ. ಇಡೀ ಕೊಪ್ಪಲಿನ ನೆತ್ತಿಯ ಮೇಲೆ ಅಷ್ಟು ದೊಡ್ಡದು ಹಾದುಹೋಗಿದೆ, ಒಂದು ಪ್ರಾಣಿಯೂ ಕತ್ತೆತ್ತಿರಲಿಲ್ಲ. ಕಾಲ ಕೆಳಗೆ ಬಿದ್ದ ನಿಂಬೆಹಣ್ಣು ಮಾತ್ರ ಎಲ್ಲರಿಗೂ ಕಂಡಿತ್ತು!

ಓನರಮ್ಮ ಬಕೆಟ್ಟು ನೀರು ತಂದು ಸುರಿದರು. ಸಂಜೆಯೊಳಗೆ ಮಹಡಿ ಮೆಟ್ಟಿಲ ಗೇಟಿಗೆ ಬೀಗ ಬಿತ್ತು.

ಸಂಜೆ ಅರ್ಧ ಗಂಟೆ ತೆಗೆದರೆ ಸಾಕು ಎಂದು ಮಿಸ್ಸು ಹೋಗಿ ಕೇಳಿದರು. "ಮೇಲೋಗಿ ಏನ್ ಮಾಡ್ತೀರೋ ಯಾರ್ಗೊತ್ತು" ಎಂಬ ಉತ್ತರ ಬಂತು. ನಮ್ಮದು ಹೆಂಚಿನ ಮನೆ, ಹತ್ತಿ ನಿಲ್ಲಲು ಟೆರೇಸಿಲ್ಲ. ಕೆಲವು ದಿನ ಅವರು ರಸ್ತೆಯ ನಡುವೆ, ಕರೆಂಟು ತಂತಿಗಳ ಸಂದಿಯಲ್ಲಿ ಕತ್ತೆತ್ತಿಕೊಂಡು ನಿಂತರು. ಅವರು ಹೊರಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಎಷ್ಟು ಮನೆಗಳ ಮಕ್ಕಳಿಗೆ ಆನೆ, ನವಿಲು ಬರೆದುಕೊಟ್ಟ ಕೈ ಅದು! ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ.

ಕೊನೆಗೆ ಅವರೇ ರೂಮು ಖಾಲಿ ಮಾಡಿ ರಾಜೀವನಗರಕ್ಕೆ ಹೋದರು. ನೋಡಲು ಹೋಗಿದ್ದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಕಾಫಿ ಕೊಟ್ಟರು, ಮಂಡಿನೋವೆಂದರು. ನಾನು ಹೊರಡುವಾಗ, "ಆಮೇಲೆ ಯಾವತ್ತಾದ್ರೂ ಬಂದಿತ್ತಾ?" ಎಂದು ಕೇಳಿದರು. ಮೋಡದ ವಿಷಯ. ಬಂದಿತ್ತು, ಹೇಗಿತ್ತೆಂದು ಹೇಳಲು ಹೊರಟೆ. ಕೈಯಲ್ಲಿ ಏನೇನೋ ತೋರಿಸಿದೆ... ಅವರು ನಕ್ಕರು. ಮುಂದಿನ ಮುಂಗಾರಿನ ಹೊತ್ತಿಗೆ ಅವರಿರಲಿಲ್ಲ.

ನಿನ್ನೆ ಸಂಜೆ ಅಲೆಮೋಡ ಬಂತು. ಅಷ್ಟು ದೊಡ್ಡದನ್ನು ನಾನೂ ಅದುವರೆಗೆ ನೋಡಿರಲಿಲ್ಲ. ಬೀದಿಯವರೆಲ್ಲ ಮಹಡಿಗಳ ಮೇಲೆ, ಎಲ್ಲರ ಕೈಯಲ್ಲೂ ಫೋನು. ಎದುರು ಮನೆಯ ಮೆಟ್ಟಿಲ ಗೇಟು ಹಾರು ಹೊಡೆದಿತ್ತು. ಓನರಮ್ಮನೇ ಮೇಲಿನಿಂದ ಕೂಗಿದರು: "ಬನ್ರೀ ಮೇಲೆ, ಬಿರ್ರನೆ ಬನ್ನಿ! ದೇವ್ರೇ ರಂಗೋಲಿ ಬುಟ್ಟಂಗದೆ!"

ಹತ್ತಿ ಹೋದೆ. ಅವರು ಫೋನಿನಲ್ಲಿ ತೆಗೆದದ್ದನ್ನು ತೋರಿಸಿ, ಆಗಲೇ ಸ್ಟೇಟಸ್ ಹಾಕಿದೆ ಎಂದರು. ಆಮೇಲೆ ಏನೋ ಹೊಳೆದವರಂತೆ, "ಮೋಡ ನೋಡ್ತಿದ್ರಲ್ಲ ಆ ಮಿಸ್ಸು, ಎಲ್ಲವ್ರೆ ಈಗ? ಅವರು ನೋಡ್ಬೇಕಿತ್ತು ಕಣ್ರೀ ಇದನ್ನ" ಎಂದರು.

"ನೋಡಿದ್ರು. ನಿಮ್ಮ ಬಾಗಿಲಲ್ಲೇ ಬರೆದಿದ್ರು. ನೀವು ನೀರು ಹಾಕಿ ತೊಳೆದ್ರಿ. ಅವರು ತೀರಿಕೊಂಡು ಎಷ್ಟೋ ಕಾಲ ಆಯ್ತು." ಎಂದೆ. ಅವರು "ಅಯ್ಯೋ, ಪಾಪ" ಎಂದರು. ಮತ್ತೆ ಫೋನೆತ್ತಿ ಇನ್ನೊಂದು ಫೋಟೋ ತೆಗೆದರು.

ಬೂದಿಯ ಪೊಟ್ಟಣ ನಮ್ಮ ಬಾಗಿಲಲ್ಲೇ ಬಿಚ್ಚಿಟ್ಟಿದ್ದೇನೆ. ನೆಲ ಗುಡಿಸಿ, ನೀರು ಚಿಮುಕಿಸಿ ಕೂತಿದ್ದೇನೆ. ಒಂದು ಅಲೆ ಎಳೆದೆ, ಅಳಿಸಿದೆ. ಇನ್ನೊಂದು ಎಳೆದೆ, ಅದೂ ಬರಲಿಲ್ಲ. ನಿನ್ನೆಯ ಮೋಡ ಈ ಬೀದಿಯ ಎಲ್ಲರ ಫೋನಿನಲ್ಲೂ ಇದೆ. ಅದನ್ನು ಬರೆಯಬಲ್ಲವರು ಒಬ್ಬರೂ ಇಲ್ಲ.