ಉಣ್ಣುವ ಮೊದಲಿನ ಪ್ರಶ್ನೆ

ಮೊನ್ನೆ ಬೀದರಿನ ಗಂಜ್ ಧಾನ್ಯಪೇಟೆಯ ಮುಂದೆ ಆಟೋ ನಿಂತಾಗ ತೊಗರಿ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಗಂಟಲು ಕೆರೆಯುವ ಒಣ ವಾಸನೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಮಾತ್ರ ಭಾಲ್ಕಿಯ ಸೋದರಮಾವ ಎದುರಿಗೇ ಬಂದು ನಿಂತಂತಾಯಿತು… ಮೀಸೆಯ ಮೇಲೆಲ್ಲ ಬೇಳೆಯ ಹುಡಿ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ.

ಮಾವನದು ದಾಲ್ ಮಿಲ್ಲು. ಔರಾದ ಕಡೆಯ ನಮ್ಮ ಹಳ್ಳಿಯಿಂದ ಕಾಲೇಜಿಗೆಂದು ಬಂದ ನಾನು ಅವರ ಮನೆಯಲ್ಲೇ ಉಳಿದಿದ್ದೆ. ವ್ಯಾಪಾರದಲ್ಲಿ ಅಷ್ಟು ನೇರ ಮನುಷ್ಯನನ್ನು ನಾನು ಕಂಡಿಲ್ಲ. ಬೇಳೆಗೆ ಬಣ್ಣ ಹಾಕಲಿಲ್ಲ, ತೂಕದಲ್ಲಿ ಕೈಚಳಕ ತೋರಿಸಲಿಲ್ಲ. ಮಠದ ದಾಸೋಹಕ್ಕೆ ಚೀಲಗಟ್ಟಲೆ ಬೇಳೆ ಕಳಿಸಿ, ನನ್ನ ಹೆಸರು ಹೇಳಬೇಡಿ ಅನ್ನುತ್ತಿದ್ದರು. ಊರೆಲ್ಲ ಅವರನ್ನು ಶರಣರು ಅಂತಲೇ ಕರೆಯುತ್ತಿತ್ತು. ಊರಿಗೇನು, ಊರು ಅವರ ಮನೆಯಲ್ಲಿ ಊಟಕ್ಕೆ ಕೂತಿರಲಿಲ್ಲ.

ಆ ಮನೆಯಲ್ಲಿ ತಾಟು ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. “ಇವತ್ತ ಏನ್ ಕಾಯಕ ಮಾಡೀರಿ?” ಮಕ್ಕಳಿಗೂ ಅದೇ, ಬಂದ ನೆಂಟರಿಗೂ ಅದೇ. ಉತ್ತರ ಸಾಲದಿದ್ದರೆ ಮಾವ ಎದ್ದು ಹೋಗಿ, ಕಲ್ಲು ಬೆರೆತ ಬೇಳೆಯ ಮೊರವೊಂದನ್ನು ತಂದು ಮುಂದಿಡುತ್ತಿದ್ದರು. ಅದನ್ನು ಆರಿಸಿ ಮುಗಿಸಿದವರಿಗೆ ಊಟ. ಜ್ವರ ಬಂದವರಿಗೂ ರಿಯಾಯಿತಿ ಇರಲಿಲ್ಲ. ದುಡಿಯುವವರಿಗೆ ಮರ್ಯಾದೆ ಕೊಡಲು ಹುಟ್ಟಿದ ಧರ್ಮವನ್ನು ನಮ್ಮ ಮಾವ ಬಡಿಗೆ ಮಾಡಿಕೊಂಡಿದ್ದರು.

ಬೇರೆಯವರ ದೇವರುಗಳ ಮೇಲೂ ಅವರಿಗೆ ಸಿಟ್ಟೇ. ಮಿಲ್ಲಿನ ಮಿಸ್ತ್ರಿ ಮುಸಲ್ಮಾನ, ಶುಕ್ರವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ ನಮಾಜಿಗೆ ಹೋಗುತ್ತಿದ್ದ. ಮಾವ ಎಲ್ಲರ ಮುಂದೆ ಅವನನ್ನು ಹಂಗಿಸುತ್ತಿದ್ದರು.

“ನಿಮ್ಮ ದೇವರು ಶುಕ್ರವಾರ ಮಶೀನ್ ಬಂದ್ ಮಾಡಿಸ್ತಾನ. ಆ ಕ್ರಿಶ್ಚನ್ ಟೇಲರನ ದೇವರು ಐತವಾರ ಮಲಗಸ್ತಾನ. ನಮ್ಮ ದೇವರಿಗೆ ಸೂಟಿನೇ ಇಲ್ಲ ನೋಡು.”

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನಗುತ್ತಿದ್ದ. “ನಮಾಜ್ ಮುಗಿದ ಮ್ಯಾಲ ಮತ್ತ ದಂಧೆಕ್ಕ ಹೋಗ್ರಿ ಅಂತ ನಮ್ ಕಿತಾಬ್‌ನ್ಯಾಗೂ ಅದರಿ, ಮಾಲಕ್. ನಡುವ ಒಂದೀಟ್ ಉಸ್ರ್ ತಗೋ ಅಂತದ, ಅಷ್ಟೇ.”

ಉಸಿರು ತೆಗೆದುಕೊಳ್ಳುವುದು ಮಾವನ ಲೆಕ್ಕದಲ್ಲಿ ಕಾಯಕ ಆಗಿರಲಿಲ್ಲ.

ಸಂತಪುರದಲ್ಲಿ ಅತ್ತೆಯ ತಾಯಿ ತೀರಿಕೊಂಡರು. ಮಣ್ಣು ಮುಗಿಸಿ ಅತ್ತೆ ಸಂಜೆ ಬಸ್ಸಿಗೆ ಮರಳಿದಳು. ಕಣ್ಣು ಬಾತುಹೋಗಿತ್ತು, ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಮಿಂದು ಬಂದವಳಿಗೆ ನಾನೇ ತಾಟು ಹಚ್ಚಿದೆ. ಮಾವ ಕೇಳಿದರು, “ಇವತ್ತ ಏನ್ ಕಾಯಕ ಆತು?”

“ನಮ್ಮವ್ವನ ಮಣ್ಣ ಮಾಡಿ ಬಂದೇನ್ರಿ.”

“ಅತ್ತು ಬಂದೀದಿ. ಅಳೂದು ಕಾಯಕ ಅಲ್ಲ.”

ಮೊರ ಬಂತು. ಅತ್ತೆ ದೀಪದ ಕೆಳಗೆ ಕೂತು ಬೇಳೆ ಆರಿಸಿದಳು, ಆರಿದ ರೊಟ್ಟಿ ತಿಂದಳು, ತಾಟು ತೊಳೆದಿಟ್ಟಳು. ಆ ರಾತ್ರಿಯಿಂದ ನನಗೆ ಮಾವನ ಮುಖ ನೋಡಿದರೆ ಮೈ ಉರಿಯುತ್ತಿತ್ತು.

ಕೆಲವು ವರ್ಷಗಳ ಮೇಲೆ ಮಾವನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿತ್ತು. ಮಾತು ತೊದಲುತ್ತಿತ್ತು, ಆದರೆ ಏನಂತಾರೆ ಅಂತ ತಿಳಿಯುತ್ತಿತ್ತು. ನನಗೆ ಆಗಲೇ ಮದುವೆಯಾಗಿತ್ತು, ನೋಡಲೆಂದು ಬಂದಿದ್ದೆ. ಬೀದರಿನ ದವಾಖಾನೆಯಿಂದ ಅವರನ್ನು ಕರೆತಂದ ದಿನ ಅತ್ತೆ ತಾಟು ತಂದು ಕೈಗೆಟುಕದಷ್ಟು ದೂರ ಇಟ್ಟಳು. ತಣ್ಣಗೆ ಕೇಳಿದಳು, “ಇವತ್ತ ಏನ್ ಕಾಯಕ ಮಾಡೀರಿ?”

ಮಾವ ಅವಳನ್ನೇ ನೋಡಿದರು. ಅತ್ತೆ ಮೊರವನ್ನು ಅವರ ತೊಡೆಯ ಮೇಲಿಟ್ಟಳು. ಅವರು ಎಡಗೈಯಿಂದ ಒಂದೊಂದೇ ಕಲ್ಲು ಹೆಕ್ಕತೊಡಗಿದರು. ಅರ್ಧ ಬೇಳೆ ನೆಲಕ್ಕೆ ಚೆಲ್ಲುತ್ತಿತ್ತು, ಬಾಯಿಯ ಓರೆಯಿಂದ ಜೊಲ್ಲು ಮೊರದೊಳಗೇ ಬೀಳುತ್ತಿತ್ತು.

“ಬಿಡ್ರಿ ಅತ್ತಿ, ಸಾಕು,” ಅಂದೆ.

“ಧರ್ಮ ನಂದಲ್ಲವ್ವಾ. ಅವರದು.”

ದಿನವೂ ಹೀಗೇ ನಡೆಯಿತಂತೆ. ಮುಂದೆ ಒಂದು ಶುಕ್ರವಾರ ನಾನು ಮತ್ತೆ ಹೋದಾಗ ಎಡಗೈಯೂ ಸೋತಿತ್ತು. ತೊಡೆಯ ಮೇಲೆ ಮೊರ ಹಾಗೇ ಇತ್ತು, ತಾಟು ಆರುತ್ತಿತ್ತು. ನಮಾಜು ಮುಗಿಸಿ ಮಿಸ್ತ್ರಿ ಮಾಲಕರನ್ನು ನೋಡಲು ಬಂದ. ಸಂಗತಿ ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಮೊರ ಎತ್ತಿಕೊಂಡು ನೆಲದ ಮೇಲೆ ಕೂತು ತಾನೇ ಬೇಳೆ ಆರಿಸಿದ.

“ಮಾಲಕರ ಪಾಲಿಂದು ನಾ ಮಾಡೀನ್ರಿ, ಅಮ್ಮಾ. ಅವರಿಗಿ ಉಣ್ಣಾಕ ಕೊಡ್ರಿ.”

ಅತ್ತೆ ತಾಟನ್ನು ಮಿಸ್ತ್ರಿಯ ಮುಂದೆಯೇ ಇಟ್ಟಳು. “ಮಾಡಿದವರು ಉಣ್ರಿ.”

ಆಗ ನಾನು ಮಾವನನ್ನು ನೋಡಿದೆ. ಅವರು ತಲೆ ಅಲ್ಲಾಡಿಸುತ್ತಿದ್ದರು… ಹೌದು, ಸರಿ, ಅನ್ನುವ ಹಾಗೆ. ಆ ಓರೆ ಬಾಯಿಯಲ್ಲಿ ಒಂಥರಾ ಸಮಾಧಾನ ಕೂಡ ಇತ್ತು. ಮಿಸ್ತ್ರಿ ತುತ್ತು ಮಾಡಿ ಮಾಲಕರ ಬಾಯಿಯ ಹತ್ತಿರ ಒಯ್ದ. ಮಾವ ಹಲ್ಲು ಕಚ್ಚಿದರು. ನಾನು ಚಮಚದಲ್ಲಿ ಹಾಲು ಹಿಡಿದೆ, ಅದು ಗದ್ದದ ಗುಂಟ ಹರಿದುಹೋಯಿತು. ನುಂಗಲು ಬರುತ್ತಿತ್ತು ಅವರಿಗೆ. ನುಂಗಲಿಲ್ಲ. ಮಿಸ್ತ್ರಿ ಬಾಗಿಲ ಹೊರಗೆ ನಿಂತು ಸಣ್ಣ ಮಗುವಿನಂತೆ ಅತ್ತ.

ಮುಂದಿನ ಶುಕ್ರವಾರದೊಳಗೆ ಮಾವ ಹೋಗಿಬಿಟ್ಟಿದ್ದರು.

ಮೊನ್ನೆ ಆಟೋದಿಂದ ಇಳಿದವಳೇ ಮನೆಗೆ ಹೋಗಲಿಲ್ಲ, ಭಾಲ್ಕಿಯ ಬಸ್ಸು ಹತ್ತಿದೆ. ಮಿಲ್ಲು ಮಾರಿ ಬಹಳ ವರ್ಷವಾಯಿತು. ಅತ್ತೆ ಬೆನ್ನು ಬಾಗಿ ಅಂಗಳದ ಬಿಸಿಲಿಗೆ ಕೂತಿದ್ದಳು. ಇಷ್ಟು ವರ್ಷ ಕೇಳಬಾರದೆಂದು ಕೂತಿದ್ದ ಮಾತನ್ನು ಕೇಳಿಯೇಬಿಟ್ಟೆ. ಅಷ್ಟು ಯಾಕ ಮಾಡಿದ್ರಿ ಅತ್ತಿ?

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಹಸಿವಾಗೇದ ಅಂತ ಒಂದ್ ಸಲ ಅಂದಿದ್ರ ಸಾಕಿತ್ತು. ದಿನಾ ದಾರಿ ನೋಡ್ದೆ. ಅನ್ನಲಿಲ್ಲ ಅವರು.”

ನನಗೆ ಮಾವನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಆದರೂ ಬರುವಾಗ ಬಸ್ಸಿನಲ್ಲಿ ಮಾವನಿಗಾಗಿ ನಾನು ಅತ್ತುಬಿಟ್ಟೆ, ಮೊದಲ ಸಲ.