ಮಂಗಳಕ್ಕೆ ಸುಕನ್ಯಾ ಬರೆದ ಕಟ್ಟಳೆ

ಖರ್ರನೆ ಜಾರಿ ಧಡ್ಡನೆ ಬೀಳುವ ಸದ್ದು. ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಯ ಪಕ್ಕದ ಆ ಪ್ಲಾಟಿನಲ್ಲಿ, ಅದಿರು ರಾಶಿ ಹಾಕಿ ಜರಡಿ ಹಿಡಿಯುವ ಬಯಲಿನಲ್ಲಿ, ಅದು ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಜರಡಿಗಳ ಮೇಲೆ ಅದಿರು ಬೀಳುತ್ತಿತ್ತು, ಹೆಂಟೆಗಳು ಉರುಳಿ ಮುಂದಕ್ಕೆ ಬರುತ್ತಿದ್ದವು, ಪುಡಿ ಜರಡಿಯ ಕಣ್ಣುಗಳಲ್ಲಿ ಸೋರಿ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುವವರಿಗೆ ಆ ಸದ್ದು ಮನೆಗೆ ಹೋದ ಮೇಲೂ ಕಿವಿಯಲ್ಲಿ ಉಳಿಯುತ್ತಿತ್ತು.

ಜರಡಿಗೆ ಇಬ್ಬರು ಬೇಕು. ಒಬ್ಬರು ಸಲಿಕೆಯಿಂದ ಎಸೆಯಬೇಕು, ಇನ್ನೊಬ್ಬರು ಹೆಂಟೆಗಳನ್ನು ಎಳೆದು ಪುಡಿಯನ್ನು ಬೇರೆ ಗುಡ್ಡೆಗೆ ಹಾಕಬೇಕು. ಇದಕ್ಕೆ ಜೋಡಿ ಎನ್ನುತ್ತಿದ್ದರು. ಜೋಡಿಯಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರು ಬಂದೂ ಪ್ರಯೋಜನವಿಲ್ಲ. ಮೇಸ್ತ್ರಿ ಜರಡಿಯನ್ನು ಮಗುಚಿ ಹಾಕಿಬಿಡುತ್ತಿದ್ದ.

ಸುಂಕಮ್ಮ ಮತ್ತು ಅವಳ ಹಿರಿಯ ಮಗಳು ಸುಕನ್ಯಾ ಅಂಥ ಒಂದು ಜೋಡಿ. ಮೊದಲು ಸುಂಕಮ್ಮನ ಜೋಡಿ ಬೇರೆಯಾಕೆ. ಗಂಡ ಮೈಲಾರಲಿಂಗಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಬಂದರಿಗೆ ಹೋಗುವ ಘಾಟಿನಲ್ಲಿ ಲಾರಿ ಉರುಳಿ ಅವನು ತೀರಿಕೊಂಡ. ಸೂತಕ ಕಳೆದು ಸುಂಕಮ್ಮ ಬರುವಷ್ಟರಲ್ಲಿ ಆ ಜೋಡಿಯಾಕೆ ಇನ್ನೊಬ್ಬಳನ್ನು ಹುಡುಕಿಕೊಂಡಿದ್ದಳು. ಆಗ ಸುಕನ್ಯಾ ಸಂಡೂರಿನ ಕಾಲೇಜಿನಲ್ಲಿ ಎರಡನೇ ಪಿಯುಸಿ. 'ಒಂದು ವಾರ ನಿಂದ್ರವ್ವ, ಯಾರಾರ ಸಿಗತಾರ' ಎಂದಿದ್ದಳು ತಾಯಿ. ಯಾರೂ ಸಿಗಲಿಲ್ಲ. ವಾರ ವರ್ಷವಾಯಿತು. ತಂಗಿ ಕಾವ್ಯ ಮಾತ್ರ ಏಳನೇ ತರಗತಿಗೆ ಹೋಗುತ್ತಿದ್ದಳು.

ಕಾಲೇಜು ಬಿಟ್ಟರೂ ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರು ಮನೋಹರ್ ಅವಳನ್ನು ಬಿಟ್ಟಿರಲಿಲ್ಲ. ನಮ್ಮ ದೇಶದ ನೌಕೆ ಚಂದ್ರನತ್ತ ಹೊರಡಲು ಸಜ್ಜಾಗಿದ್ದ ವರ್ಷ ಅದು. ಹೊಸಪೇಟೆಯ ಒಂದು ವಿಜ್ಞಾನ ಬಳಗದವರು ಹರೆಯದವರನ್ನು ಕರೆದಿದ್ದರು. ಚಂದ್ರನ ಮೇಲೆ, ಮಂಗಳದ ಮೇಲೆ ಮುಂದೆ ಬಾಳುವವರು ತಲೆ ನೆರೆತವರಲ್ಲ, ಈಗ ಹದಿನಾರು ಹದಿನೇಳಾದವರು. ಆದ್ದರಿಂದ ಅಲ್ಲಿ ಹೇಗೆ ಬದುಕಬೇಕೆಂದು ನೀವೇ ಯೋಚಿಸಿ ಬರೆಯಿರಿ ಎಂದಿದ್ದರು. ಮನೋಹರ್ ಆ ಕರಪತ್ರವನ್ನು ಪ್ಲಾಟಿಗೇ ತಂದು ಕೊಟ್ಟರು.

ಸುಕನ್ಯಾ ಮಂಗಳವನ್ನು ಆರಿಸಿಕೊಂಡಳು. ಅಲ್ಲಿಯೂ ಕೆಂಪು ಧೂಳು ಎಂದು ಓದಿದ್ದಳು. ವಾಸದ ಗೂಡಿನ ಬಾಗಿಲಿಗೆ ಒದ್ದೆ ಸೀರೆ ಕಟ್ಟಬೇಕು ಎಂದು ಮೊದಲು ಬರೆದಳು. ಅವರ ಓಣಿಯ ಎಲ್ಲ ಬಾಗಿಲುಗಳಲ್ಲೂ ಹಾಗೆ ಕಟ್ಟುತ್ತಿದ್ದರು. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಒದ್ದೆ ಬಟ್ಟೆ ಒದ್ದೆಯಾಗಿ ಉಳಿಯುವುದಿಲ್ಲ ಎಂದು ಮನೋಹರ್ ಬಿಡಿಸಿ ಹೇಳಿದಾಗ ನಾಚಿ ಅದನ್ನು ಹೊಡೆದು ಹಾಕಿದಳು. ಕೆಲಸದ ಭಾಗವನ್ನು ಮಾತ್ರ ಅವರಿಗೆ ತೋರಿಸಲಿಲ್ಲ. ಅದರಲ್ಲಿ ತಪ್ಪಾಗುವಂಥದ್ದು ಏನಾದರೂ ಇದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಹೊಸಪೇಟೆಯಲ್ಲಿ ಆಯ್ಕೆಯ ದಿನ ಬಳಗದ ಶೈಲಜಾ ಮೇಡಂ ಅದೇ ಹಾಳೆಯನ್ನು ಎತ್ತಿಕೊಂಡರು.

"ಇದೇನಮ್ಮ, ಅಲ್ಲಿ ಎಲ್ಲಾ ಕೆಲಸ ಇಬ್ಬಿಬ್ಬರೇ ಮಾಡಬೇಕು, ಸರಿ. ಒಬ್ಬರಿಗೆ ಹುಷಾರಿಲ್ಲದಿದ್ರೆ ಇನ್ನೊಬ್ಬರಿಗೂ ಕೆಲಸ ಇಲ್ಲ ಅಂತ ಬರೆದಿದ್ದೀಯಲ್ಲ?"

"ಹೌದ್ರಿ ಮೇಡಂ. ಜೋಡಿ ಇರಂಗಿಲ್ಲಲ್ರಿ ಅವತ್ತು."

"ಹಾಗಾದ್ರೆ ಅವತ್ತು ಅವರ ಊಟ?"

ಸುಕನ್ಯಾ ಯೋಚಿಸಿದಳು. "ಹಿಂದಿನ ದಿನದ್ದು ಏನಾರ ಇದ್ರ ಅದರಿ."

ಸಭೆ ನಕ್ಕಿತು. ಮೇಡಂ ನಗಲಿಲ್ಲ. "ಈ ಕಟ್ಟಳೆ ಯಾರು ಮಾಡಿದ್ದು?"

"ಯಾರೂ ಮಾಡಿಲ್ರಿ. ಅದು ಇರೋದಾ ಹಂಗರಿ."

"ಅಲ್ಲಿ ಇನ್ನೂ ಯಾರೂ ಇಲ್ಲಮ್ಮ. ಮೇಸ್ತ್ರಿನೂ ಇಲ್ಲ, ಮಾಲೀಕನೂ ಇಲ್ಲ. ನೀನು ಬರೆದದ್ದೇ ಕಟ್ಟಳೆ. ಬೇಕಾದ್ರೆ ಬೇರೆ ಥರ ಬರಿ."

ಬೇರೆ ಥರ ಬರೆಯಬಹುದು ಎಂಬ ಮಾತನ್ನು ಎದೆಗವಚಿಕೊಂಡು ಅವಳು ಬಸ್ಸಿನಲ್ಲಿ ಕೂತಿದ್ದಳು. ಕಿಟಕಿಯಾಚೆ ಎಲೆಗಳೆಲ್ಲ ಕೆಂಪಾದ ಮರಗಳು ಸಾಗುತ್ತಿದ್ದವು. ಮರುದಿನ ಹೊಸದಾಗಿ ಬರೆದಳು: ಜೋಡಿಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಬೇರೆ ಕೆಲಸ ಕೊಡಬೇಕು. ಇಬ್ಬರ ಅನ್ನವೂ ನಿಲ್ಲಬಾರದು. ಮಲಗಿದವರ ಜಾಗಕ್ಕೆ ಮಕ್ಕಳನ್ನು ತಂದು ನಿಲ್ಲಿಸಬಾರದು. ಕೊನೆಯ ಸಾಲನ್ನು ಬರೆಯುವಾಗ ಅವಳ ಕೈ ಒಂದಿಷ್ಟೂ ತಡೆಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಕಮಲಾಪುರದಲ್ಲಿ ಒಂದು ವಾರದ ಶಿಬಿರಕ್ಕೆ ಕರೆ ಬಂತು. ಅಲ್ಲಿಯೇ ಉಳಿಯಬೇಕಿತ್ತು. ಸುಕನ್ಯಾ ಮೇಸ್ತ್ರಿ ಹುಲುಗಪ್ಪನ ಮುಂದೆ ನಿಂತು, ತಾನು ಬರೆದ ಕಟ್ಟಳೆಯನ್ನೇ ಸ್ವಲ್ಪ ಬದಲಿಸಿ ಕೇಳಿದಳು.

"ಅಣ್ಣಾ, ಒಂದು ವಾರ ನಮ್ಮವ್ವಗ ಕಲ್ಲು ಆರಿಸೋ ಕೆಲ್ಸ ಕೊಡು. ನಾನು ಬಂದ ಕೂಡ್ಲೆ ಜರಡಿಗೆ ನಿಂದರ್ತೀವಿ."

"ಎಲ್ಲಿಗಬೇ ಸವಾರಿ?"

"ಶಿಬಿರ ಐತಿ. ಮಂಗಳಗ್ರಹಕ್ಕ ಹೋಗೋದರ ಬಗ್ಗೆ."

ಹುಲುಗಪ್ಪ ತಂಬಾಕು ಉಗುಳಿ ಸುತ್ತಲಿನವರಿಗೆ ಕೇಳುವಂತೆ ಕೂಗಿದ. "ಕೇಳ್ರಪ್ಪೋ! ಸುಂಕಮ್ಮನ ಮಗಳು ಮಂಗಳದಾಗ ಪ್ಲಾಟ್ ಹಾಕ್ತಾಳಂತ. ಪರ್ಮಿಟ್ ಸಿಕ್ಕೈತೇನಬೇ? ಲಾರಿ ಎಷ್ಟು ಬೇಕು ಹೇಳು!" ನಗು ಇಳಿದ ಮೇಲೆ ಅವನ ದನಿಯೂ ಇಳಿಯಿತು. "ನೋಡವ್ವ, ಚೀನಾದವರು ಮಾಲು ಎತ್ತವಲ್ರು. ಮಾಲೀಕರು ಅರ್ಧ ಜರಡಿ ತಗೀ ಅಂದಾರ. ಜೋಡಿ ಇಲ್ಲಾಂದ್ರ ನಿಮ್ಮ ಜರಡಿನಾ ಮೊದ್ಲು ಹೋಗೋದು. ಆಮ್ಯಾಲೆ ನನ್ನ ಕೇಳಬ್ಯಾಡ."

ಮನೆಯಲ್ಲಿ ಸುಂಕಮ್ಮ ರೊಟ್ಟಿ ಬಡಿಯುತ್ತಲೇ ತೀರ್ಮಾನ ಹೇಳಿದಳು. "ಕಾವ್ಯ ನಿಂದರ್ತಾಳ."

"ಬ್ಯಾಡವ್ವ."

"ಒಂದು ವಾರಬೇ."

"ನನಗೂ ಹಂಗಾ ಅಂದಿದ್ದಿ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಸುಂಕಮ್ಮ ಕೆಮ್ಮಿದಳು, ಆ ಕೆಮ್ಮಿಗೆ ಈಚೆಗೆ ಕೊನೆಯೇ ಇರುತ್ತಿರಲಿಲ್ಲ. ಉಸಿರು ತಿರುಗಿದ ಮೇಲೆ ಮೆಲ್ಲಗೆ ಹೇಳಿದಳು. "ನಿನ್ನ ಓದು ನಾನಾ ಕಡಿದೆ. ಈಗಾರ ಹೋಗಿ ಬಾ. ನಿನ್ನ ಮಾರಿ ಮ್ಯಾಲೆ ನಗಿ ನೋಡಿ ಭಾಳ ದಿನ ಆತು."

"ಹೋಗಕ್ಕಾ," ಎಂದಳು ಕಾವ್ಯ. "ನಾನೇನು ಸಣ್ಣಾಕಿ ಅಲ್ಲ."

ಸುಕನ್ಯಾ ಹೋದಳು. ಹೋಗಬೇಕೆಂಬ ಆಸೆ ಅವಳಿಗೂ ಇತ್ತು. ಅದನ್ನು ತಾಯಿಯ ಮಾತಿನ ಹಿಂದೆ ಬಚ್ಚಿಡುವುದು ಅವಳಿಗೆ ಸುಲಭವಾಯಿತು.

ಶಿಬಿರದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರಿನ ಬದಲು ಭಾರ ಕಟ್ಟಿಸಿ ಹಂಪಿಯ ಬಂಡೆಗಳ ನಡುವೆ ಮಂಗಳದ ನಡಿಗೆ ಅಭ್ಯಾಸ ಮಾಡಿಸಿದರು. ಕಂಪ್ಲಿಯ ಹುಡುಗನೊಬ್ಬ ಮಂಗಳದಲ್ಲೂ ಭತ್ತ ಬೆಳೆಯುವ ಯೋಜನೆ ತಂದಿದ್ದ. "ಕಾಲುವಿ ನೀರಿನ ಸರದಿ ಯಾರ್ದು ಅಂತ ಮೊದ್ಲು ಬರೀರಿ, ಇಲ್ಲಾಂದ್ರ ಅಲ್ಲೂ ಬಡದಾಟ ಆಗ್ತೈತಿ" ಎಂದು ಎಲ್ಲರನ್ನೂ ನಗಿಸಿದ. ಸುಕನ್ಯಾ ದಿನವೂ ತಲೆ ತೊಳೆದುಕೊಂಡಳು. ಮೊದಮೊದಲು ನೀರು ಕೆಂಪಗೆ ಹರಿಯಿತು, ಆಮೇಲೆ ತಿಳಿಯಾಯಿತು. ತನ್ನ ಕೂದಲು ಇಷ್ಟು ಕಪ್ಪು ಎಂಬುದು ಅವಳಿಗೆ ಮರೆತೇ ಹೋಗಿತ್ತು. ಅಷ್ಟರಲ್ಲಿ ನೌಕೆ ಚಂದ್ರನನ್ನು ಸುತ್ತತೊಡಗಿದೆ ಎಂಬ ಸುದ್ದಿ ಬಂದು ಮಕ್ಕಳೆಲ್ಲ ಕುಣಿದರು. ಕೊನೆಯ ದಿನ ಅವಳ ಕಟ್ಟಳೆಯನ್ನು ಓದಿ, ಒಪ್ಪುವವರು ಕೈ ಎತ್ತಿ ಎಂದಾಗ ಒಂದು ಕೈಯೂ ಕೆಳಗಿರಲಿಲ್ಲ. ಮಂಗಳದಲ್ಲಿ ಯಾರೂ ಜೋಡಿಯಿಲ್ಲದೆ ಹಸಿಯಬಾರದು ಎಂದು ಅಲ್ಲಿದ್ದವರೆಲ್ಲ ಒಪ್ಪಿದರು.

ಸಂಜೆ ಊರಿಗೆ ಬಂದಿಳಿದಾಗ ಕಾವ್ಯ ಕಟ್ಟೆಯ ಮೇಲೆ ಅಂಗೈ ಮೇಲ್ಮಾಡಿಕೊಂಡು ಕೂತಿದ್ದಳು. ಬೊಬ್ಬೆ ಒಡೆದ ಜಾಗಕ್ಕೆ ಅರಿಸಿನ ಮೆತ್ತಿತ್ತು.

"ನಾಳೆಯಿಂದ ಸಾಲಿಗೆ ಹೋಗು," ಎಂದಳು ಸುಕನ್ಯಾ.

"ನೀನು ಮತ್ತ ಹೋಗಂಗಿಲ್ಲಲ್ಲಕ್ಕಾ?"

ಬೆಳಿಗ್ಗೆ ಮೂವರೂ ಪ್ಲಾಟಿಗೆ ಹೋದರು. ಕಾವ್ಯ ಸಮವಸ್ತ್ರದಲ್ಲಿದ್ದಳು, ಆದರೆ ಅದರ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟಿದ್ದಳು. ಅರ್ಧ ಜರಡಿಗಳು ಮಗುಚಿ ಬಿದ್ದಿದ್ದವು. ಹುಲುಗಪ್ಪ ಸುಕನ್ಯಾಳನ್ನು ತಡೆದ.

"ಈಗ ಸುಂಕಮ್ಮ, ಕಾವ್ಯ ಜೋಡಿ. ಹುಡುಗಿ ಕೈ ಚುರುಕು. ಬದ್ಲಿ ಮಾಡಂಗಿದ್ರ ಇವತ್ತಾ ಹೇಳು. ಆದ್ರ ನೀನು ಮತ್ತ ಎಲ್ಲಿಗೂ ಹೋಗಂಗಿಲ್ಲ ಅಂತ ಮಾತು ಕೊಡಬೇಕು. ಇನ್ನೊಮ್ಮೆ ಜೋಡಿ ಮುರೀತು ಅಂದ್ರ ಜರಡಿ ತಗದಾ ಬಿಡ್ತೀನಿ. ದಿನಾ ಆಟ ಆಡಾಕ ಇದು ನಿನ್ನ ಮಂಗಳಗ್ರಹ ಅಲ್ಲ."

ಆಗಲೇ ಮನೋಹರ್ ಅವರ ಬೈಕು ರಸ್ತೆಯಂಚಿನಲ್ಲಿ ನಿಂತಿತು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅವರು ಓಡಿ ಬಂದರು. ಹುಲುಗಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಉತ್ತರಕ್ಕೆ ಕಾಯುತ್ತ ನಿಂತ.

"ಸುಕನ್ಯಾ! ಶೈಲಜಾ ಮೇಡಂ ಫೋನ್ ಮಾಡಿದ್ರು. ಸಂಕ್ರಾಂತಿ ಆದ ಮೇಲೆ ದೊಡ್ಡ ಸಭೆ ಇದೆಯಂತೆ, ಬೇರೆ ರಾಜ್ಯದಿಂದೆಲ್ಲ ಹುಡುಗರು ಬರ್ತಾರೆ. ನಿನ್ನ ಕಟ್ಟಳೆಯನ್ನ ನೀನೇ ನಿಂತು ಓದಬೇಕಂತೆ."

ಸುಕನ್ಯಾ ಗುಡ್ಡೆಗಳ ಆಚೆ ನೋಡಿದಳು. ಕಾವ್ಯ ತನಗಿಂತ ಎತ್ತರದ ಸಲಿಕೆಯನ್ನು ನೆಲಕ್ಕೆ ಊರಿ, ಅಂಗಿಯ ತೋಳು ಮಡಿಚುತ್ತಿದ್ದಳು.

"ಬ್ಯಾರೆ ಯಾರಾರ ಓದಬಹುದೇನ್ರಿ ಸರ್?"

"ಬೇರೆಯವರಾ? ಯಾಕೆ? ನೀನು ಬರೆದದ್ದಲ್ವಾ? ನಿಮ್ಮಂಥವರು ಹೇಳಿದರೇ ಅದಕ್ಕೆ ತೂಕ. ಅಲ್ಲಿ ಇರಬೇಕಾದ್ದು ಹದಿನೈದೇ ದಿನ ಕಣಮ್ಮ, ನಾನು ಬೇಕಾದ್ರೆ ನಿಮ್ಮ ತಾಯಿ ಹತ್ರ ಮಾತಾಡ್ತೀನಿ, ಅಲ್ಲಿಗೆ ಹೋದ್ರೆ ಮುಂದೆ ಓದೋದಕ್ಕೂ ಏನಾದ್ರೂ ದಾರಿ..."

"ಹೋಗಂಗಿಲ್ಲಣ್ಣ," ಎಂದಳು ಸುಕನ್ಯಾ, ಮೇಸ್ತ್ರಿಯ ಕಡೆ ತಿರುಗಿ. "ಎಲ್ಲಿಗೂ ಹೋಗಂಗಿಲ್ಲ."

ಮನೋಹರ್ ಇನ್ನೂ ಏನೋ ಹೇಳುತ್ತಿದ್ದರು. ಅವಳು ಸೆರಗಿನಿಂದ ಮೂಗುಬಾಯಿ ಬಿಗಿದುಕೊಂಡು, ತಂಗಿಯಿದ್ದ ಕಡೆಗೆ ಕೆಂಪು ಗುಡ್ಡೆಗಳ ನಡುವೆ ನಡೆದುಹೋದಳು.